ಅಟ್ಟಣೆಯ ಯೋಗ್ಯತೆ

ಸುಗ್ಗಿ ಸಮೀಪಿಸಿ ರಾಗಿಯ ತೆನೆ ಬಾಗುವ ಹೊತ್ತಿಗೆ, ಬಂಡೀಪುರ ನಾಗರಹೊಳೆಗಳ ಅಂಚಿನಿಂದ ಮಲೆ ಮಹದೇಶ್ವರ ಬೆಟ್ಟದ ತಪ್ಪಲಿನವರೆಗೆ, ಆಲೂರು ಸಕಲೇಶಪುರಗಳ ಗದ್ದೆಬಯಲಿನಿಂದ ಕನಕಪುರದ ಹೊಲಗಳವರೆಗೆ, ಕಾಡನ್ನೇ ನೆರೆಯಾಗಿ ಪಡೆದ ಊರುಗಳಲ್ಲೆಲ್ಲ, ಸಂಜೆಯಾಗುತ್ತಲೇ ಗಂಡಸರು ಕಂಬಳಿಯನ್ನು ಹೆಗಲಿಗೆ ಹಾಕಿ, ಟಾರ್ಚನ್ನೂ ತಗಡಿನ ಡಬ್ಬವನ್ನೂ ಪಟಾಕಿಯ ಪೊಟ್ಟಣವನ್ನೂ ಹಿಡಿದು, ಬದುವಿನ ಮೇಲಿನ ಒಂದು ಮರದತ್ತ ನಡೆಯುತ್ತಾರೆ. ಆ ಮರದ ಕವಲಿನಲ್ಲಿ ಬಿದಿರು, ಹಲಗೆ, ಹಗ್ಗಗಳಿಂದ ಕಟ್ಟಿದ ಅಟ್ಟಣೆಯೊಂದಿರುತ್ತದೆ. ಬೆಳಗಿನ ಜಾವದವರೆಗೆ ಅವರು ಅಲ್ಲಿ ಕುಳಿತು ಆನೆಗೂ ಹಂದಿಗೂ ಎಚ್ಚರವಾಗಿರಬೇಕು. ಆ ಅಟ್ಟಣೆ ಬೆಳೆಯನ್ನು ಕಾಯುವುದಕ್ಕೆ ತಕ್ಕುದಾಗಿದೆಯೇ ಎಂಬುದನ್ನು ಕಟ್ಟಿದವನು ಚೆನ್ನಾಗಿ ಬಲ್ಲನು. ಅದರ ಮೇಲೆ ಕುಳಿತ ಮನುಷ್ಯನನ್ನು ಕಾಯುವುದಕ್ಕೆ ತಕ್ಕುದಾಗಿದೆಯೇ ಎಂಬ ಪ್ರಶ್ನೆಯನ್ನು ಮಾತ್ರ ಊರೂ ಕೇಳಿದಂತಿಲ್ಲ, ಇಲಾಖೆಯೂ ಕೇಳಿದಂತಿಲ್ಲ. ಆ ಪ್ರಶ್ನೆಯನ್ನು ಕೇಳಲೇಬೇಕಾದ ಕಾಲ ಬಂದಿದೆಯೆಂದು ನನಗೆ ತೋರುತ್ತದೆ.

ಮರದ ಮೇಲೆ ಕುಳಿತು ಮೃಗದ ದಾರಿ ಕಾಯುವ ವಿದ್ಯೆ ನಮ್ಮಲ್ಲಿ ಬೆಳೆದದ್ದು ಕೃಷಿಯ ಕಾವಲು ಮತ್ತು ಬೇಟೆ ಎಂಬ ಎರಡು ಉದ್ಯೋಗಗಳ ಆಶ್ರಯದಲ್ಲಿ. ಮಲೆನಾಡಿನ ಈಡುಗಾರರು ಹಣ್ಣು ಬೀಳುವ ಮರದ ಬಳಿಯಲ್ಲಿಯೋ ನೀರಿನ ತಾವಿನಲ್ಲಿಯೋ ಮರಸು ಕೂರುತ್ತಿದ್ದರು. ದೊಡ್ಡ ಬೇಟೆಗಾರರು ಸತ್ತ ದನದ ಮೇಲೆ ಕಣ್ಣಿಟ್ಟು ಅಟ್ಟಣೆಯಲ್ಲಿ ರಾತ್ರಿಗಳನ್ನು ಕಳೆಯುತ್ತಿದ್ದರು. ರುದ್ರಪ್ರಯಾಗದ ನರಭಕ್ಷಕ ಚಿರತೆಯನ್ನು ಜಿಮ್ ಕಾರ್ಬೆಟ್ 1926 ರಲ್ಲಿ ಕೊಂದದ್ದು ದಾರಿಯ ಬದಿಯ ಮಾವಿನ ಮರವೊಂದರ ಮೇಲಿಂದ. ಬೆಂಗಳೂರಿನಲ್ಲಿ ನೆಲೆಸಿದ್ದ ಕೆನೆತ್ ಆಂಡರ್ಸನ್ ನಮ್ಮ ಕಾಡುಗಳಲ್ಲಿ ಹಗ್ಗದ ಮಂಚವನ್ನೇ ಮರಕ್ಕೆ ಕಟ್ಟಿಸಿಕೊಂಡು ಕೂರುತ್ತಿದ್ದುದನ್ನು ಅವರ ಕಥನಗಳನ್ನು ಓದಿದವರೆಲ್ಲರೂ ಬಲ್ಲರು. ಈ ಬೇಟೆಗಾರರು ಅಟ್ಟಣೆಯ ಗುಣವನ್ನು ಅಳೆಯುತ್ತಿದ್ದ ಮಾನದಂಡಗಳು ಸ್ಪಷ್ಟವಾಗಿದ್ದುವು: ಅದು ಕಿರುಗುಟ್ಟಬಾರದು, ಎಲೆಗಳ ಮರೆಯಲ್ಲಿ ಅಡಗಿರಬೇಕು, ಗಾಳಿ ಮೃಗದ ಕಡೆಯಿಂದ ತಮ್ಮತ್ತ ಬೀಸುವಂತಿರಬೇಕು, ಕೋವಿಯನ್ನು ತಿರುಗಿಸಲು ಎಡೆಯಿರಬೇಕು. ಮೃಗದ ಕಣ್ಣಿನಿಂದ ಅಟ್ಟಣೆಯನ್ನು ನೋಡುವ ಕಲೆ ಅವರಿಗೆ ಸಿದ್ಧಿಸಿತ್ತು. ಭೂಮಿಯ ಆಕರ್ಷಣೆಯ ಕಡೆಯಿಂದ ಅದನ್ನು ನೋಡುವ ಅಭ್ಯಾಸ ಮಾತ್ರ ಅಷ್ಟಾಗಿ ಬೆಳೆಯಲಿಲ್ಲ. 1972 ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಬೇಟೆ ನಿಂತು ಬೇಟೆಗಾರನು ಮರದಿಂದಿಳಿದನು. ಅದು ಆಗಬೇಕಾದದ್ದೇ ಆಗಿತ್ತು. ರೈತನು ಮಾತ್ರ ಇಳಿಯಲಿಲ್ಲ. 2023 ರ ಗಣತಿಯಂತೆ ನಮ್ಮ ರಾಜ್ಯದ ಕಾಡುಗಳಲ್ಲಿ 6395 ಆನೆಗಳಿದ್ದುವು. ಅವು ಬದುಕಿರುವುದು ನಮ್ಮ ಭಾಗ್ಯವೆಂದು ಮನಸಾರೆ ನಂಬಿದವನು ನಾನು. ಆ ಭಾಗ್ಯದ ಬೆಲೆಯನ್ನು ರಾತ್ರಿಯ ನಿದ್ರೆಗೆಟ್ಟು ತೆರುತ್ತಿರುವವರು ಯಾರೆಂಬುದನ್ನೂ ಮರೆಯಲಾರೆ.

ಈ ವಿಚಾರದಲ್ಲಿ ನಮಗೆ ಪಾಠ ಹೇಳಬಲ್ಲ ದೇಶವೊಂದಿದ್ದರೆ ಅದು ಅಮೆರಿಕ. ವಿಸ್ಕಾನ್ಸಿನ್, ಮಿಷಿಗನ್, ಪೆನ್ಸಿಲ್ವೇನಿಯ ಮೊದಲಾದ ರಾಜ್ಯಗಳಲ್ಲಿ ಬಿಳಿಬಾಲದ ಜಿಂಕೆಯ ಬೇಟೆ ಪ್ರತಿ ಶರದೃತುವಿನಲ್ಲಿಯೂ ಕಾನೂನಿನ ಕಟ್ಟಿನೊಳಗೆ ನಡೆಯುವ ಲೋಕರೂಢಿ. ಲಕ್ಷಾಂತರ ಮಂದಿ ಅದರಲ್ಲಿ ಪಾಲ್ಗೊಳ್ಳುತ್ತಾರೆ. ಜಿಂಕೆಯ ಮೂಗಿಗೂ ಕಣ್ಣಿಗೂ ಎಟುಕದಿರಲೆಂದು ಅವರು 15 ರಿಂದ 20 ಅಡಿ ಎತ್ತರದಲ್ಲಿ ಲೋಹದ ಪೀಠಗಳನ್ನು ಮರಕ್ಕೆ ಬಿಗಿದು ಕೂರುತ್ತಾರೆ. ಈ ಪೀಠಗಳಲ್ಲಿ ಮೂರು ಪ್ರಭೇದಗಳು ಪ್ರಸಿದ್ಧವಾಗಿವೆ: ಏಣಿಯೇ ಕಾಲಾಗಿ ಪೀಠವೇ ತಲೆಯಾಗಿ ಮರಕ್ಕೆ ಒರಗಿ ನಿಲ್ಲುವುದೊಂದು; ಪಟ್ಟಿ ಅಥವಾ ಸರಪಳಿಯಿಂದ ಕಾಂಡಕ್ಕೆ ಬಿಗಿದು, ಹತ್ತಲು ಬೇರೆ ಮೆಟ್ಟಿಲನ್ನು ಅವಲಂಬಿಸಬೇಕಾದದ್ದು ಇನ್ನೊಂದು; ಎರಡು ಭಾಗಗಳಾಗಿದ್ದು, ಕೂತೂ ನಿಂತೂ ಒಂದೊಂದಾಗಿ ಮೇಲಕ್ಕೆ ಸರಿಸುತ್ತ ಮನುಷ್ಯನೇ ತನ್ನೊಡನೆ ಏರಿಸಿಕೊಂಡು ಹೋಗುವುದು ಮತ್ತೊಂದು. ಒಬ್ಬನಿಗಾಗಿ ಮಾಡಿದ ಪೀಠಗಳು ಸಾಮಾನ್ಯವಾಗಿ 300 ಪೌಂಡು, ಅಂದರೆ ಸುಮಾರು 136 ಕಿಲೋ ಭಾರಕ್ಕೆಂದು ಗುರುತು ಹೊತ್ತಿರುತ್ತವೆ.

ಕೋವಿ ಹಿಡಿದು ಕಾಡಿಗೆ ಹೋಗುವವನಿಗೆ ಗುಂಡೇ ದೊಡ್ಡ ಅಪಾಯವೆಂದು ಮೇಲುನೋಟಕ್ಕೆ ಯಾರಾದರೂ ಊಹಿಸಿಯಾರು. ಅಲ್ಲಿಯ ಅನೇಕ ರಾಜ್ಯಗಳ ಅನುಭವ ಈ ಊಹೆಗೆ ವಿರುದ್ಧವಾಗಿದೆ: ಬೇಟೆಗಾರನನ್ನು ಗಾಯಗೊಳಿಸುವ ಕಾರಣಗಳಲ್ಲಿ ಮರದಿಂದ ಬೀಳುವುದು ಅಗ್ರಸ್ಥಾನದ ಆಸುಪಾಸಿನಲ್ಲಿಯೇ ಇದೆ. ಇದನ್ನು ಕಂಡುಕೊಂಡ ಮೇಲೆ ತಯಾರಕರೆಲ್ಲ ಒಂದು ಸಂಘ ಕಟ್ಟಿಕೊಂಡು, ಪೀಠವನ್ನು ಪರೀಕ್ಷಿಸುವ ನಿಯಮಗಳನ್ನು ರೂಪಿಸಿ, ಆ ನಿಯಮಕ್ಕೆ ಒಳಪಟ್ಟ ಪ್ರತಿಯೊಂದು ಪೀಠದ ಜೊತೆಗೂ ತೊಡೆ, ಸೊಂಟ, ಎದೆ, ಹೆಗಲುಗಳನ್ನೆಲ್ಲ ಆವರಿಸುವ ಪೂರ್ಣ ದೇಹದ ರಕ್ಷಾಪಟ್ಟಿಯನ್ನು ಕೊಟ್ಟೇ ಮಾರುವ ಪದ್ಧತಿಯನ್ನು ತಂದರು. ಹಿಂದೆ ಸೊಂಟಕ್ಕೋ ಎದೆಗೋ ಒಂದೇ ಒಂದು ಪಟ್ಟಿ ಬಿಗಿದುಕೊಳ್ಳುವ ಅಭ್ಯಾಸವಿತ್ತು. ಬಿದ್ದು ನೇತಾಡುವಾಗ ಆ ಒಂಟಿ ಪಟ್ಟಿಯೇ ಎದೆಯನ್ನು ಅದುಮಿ ಉಸಿರು ನಿಲ್ಲಿಸಬಲ್ಲದೆಂದು ತಿಳಿದ ಮೇಲೆ ಅದನ್ನು ಕೈಬಿಡಲಾಯಿತು. ಒಂದು ಸಮಾಜ ತನ್ನ ಗಾಯಗಳಿಂದ ಕಲಿತ ರೀತಿ ಇದು. ಆ ಬೇಟೆಯನ್ನು ನಾವು ಒಪ್ಪಬೇಕಾದ್ದಿಲ್ಲ, ಈ ಕಲಿಕೆಯನ್ನು ಒಪ್ಪಿದರೆ ಸಾಕು.

ಅವರ ಅನುಭವದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಂಡ ಅಂಶ ಇದು: ಪೀಠದ ಮೇಲೆ ನೆಟ್ಟಗೆ ಕುಳಿತಿರುವ ಹೊತ್ತಿನಲ್ಲಿ ಮನುಷ್ಯನು ಬೀಳುವುದು ಒಂದು ಪಾಲಾದರೆ, ಹತ್ತುವಾಗ, ಇಳಿಯುವಾಗ, ವಿಶೇಷವಾಗಿ ಏಣಿಯಿಂದ ಪೀಠಕ್ಕೂ ಪೀಠದಿಂದ ಏಣಿಗೂ ಕಾಲು ಬದಲಿಸುವ ಆ ಒಂದೆರಡು ಕ್ಷಣಗಳಲ್ಲಿ ಬೀಳುವುದು ಅದಕ್ಕಿಂತ ದೊಡ್ಡ ಪಾಲು. ಹಾಗಿದ್ದೂ ಅಟ್ಟಣೆಯನ್ನು ನೋಡಲು ಹೋದ ನಾವೆಲ್ಲರೂ ಮೊದಲು ಮಾಡುವ ಕೆಲಸವೆಂದರೆ ಅದರ ಹಲಗೆಯನ್ನು ತಟ್ಟುವುದು, ಮೇಲೆ ನಿಂತು ಕುಲುಕುವುದು, ‘ಗಟ್ಟಿಯಾಗಿದೆ’ ಎಂದು ತಲೆದೂಗುವುದು. ಕುಳಿತವನನ್ನು ಹೊರುವ ಶಕ್ತಿಯನ್ನು ಪರೀಕ್ಷಿಸಿ, ಹತ್ತುವವನನ್ನು ಕಾಯುವ ಶಕ್ತಿಯನ್ನು ಪರೀಕ್ಷಿಸದೆ ಬಿಟ್ಟರೆ ಅಟ್ಟಣೆಯ ಯೋಗ್ಯತೆಯ ಅರ್ಧಕ್ಕಿಂತ ಹೆಚ್ಚು ಭಾಗ ನಮ್ಮ ಗಮನದಿಂದ ತಪ್ಪಿಹೋಗುತ್ತದೆ.

ಹೆಗ್ಗಡದೇವನಕೋಟೆಯ ಕಡೆಯ ಒಂದು ರಾಗಿ ಹೊಲದಲ್ಲಿ ನಾನು ಕಂಡ ಅಟ್ಟಣೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಮುಪ್ಪಾದ ಹುಣಸೆಯ ಮರ. ಅಂಥ ಮರದ ಕೊಂಬೆ ಸುಲಭವಾಗಿ ಮುರಿಯುವುದಲ್ಲವಾದ್ದರಿಂದ ಆಯ್ಕೆ ಸರಿಯಾಗಿಯೇ ಇತ್ತು. ಕವಲಿನ ಮೇಲೆ ಅಡ್ಡಲಾಗಿ ಹಾಸಿದ ಬಿದಿರು, ಅದರ ಮೇಲೆ ಹುಲ್ಲು, ಹುಲ್ಲಿನ ಮೇಲೆ ಗೋಣಿಚೀಲ. ಹತ್ತುವುದಕ್ಕೆ ಒಂಟಿ ಬಿದಿರು; ಗೆಣ್ಣುಗಳಲ್ಲಿ ಕವಲುಗಳನ್ನು ಗೇಣುದ್ದ ಉಳಿಸಿ ಕಡಿದಿದ್ದರಿಂದ ಅವೇ ಮೆಟ್ಟಿಲುಗಳಾಗಿದ್ದುವು. ಆ ಬಿದಿರಿನ ತುದಿ ಸರಿಯಾಗಿ ಅಟ್ಟಣೆಯ ಅಂಚಿಗೆ ಬಂದು ನಿಂತಿತ್ತು, ಅದಕ್ಕಿಂತ ಒಂದಂಗುಲವೂ ಮೇಲೆ ಹೋಗಿರಲಿಲ್ಲ. ಕಾವಲಿಗೆ ಬಂದ ಅರುವತ್ತರ ಆಸುಪಾಸಿನ ಯಜಮಾನರು ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿ, ಕಂಬಳಿಯನ್ನು ಕುತ್ತಿಗೆಗೆ ಸುತ್ತಿ, ಚಪ್ಪಲಿಯನ್ನು ಕೆಳಗೇ ಬಿಟ್ಟು ಹತ್ತಿದರು. ಕಡೆಯ ಮೆಟ್ಟಿಲಿಗೆ ಬಂದಾಗ ಅವರ ಕೈಗೆ ಹಿಡಿಯಲು ಏನೂ ಉಳಿಯಲಿಲ್ಲ. ಎರಡು ಅಂಗೈಗಳನ್ನೂ ಗೋಣಿಚೀಲದ ಮೇಲೆ ಊರಿ, ಎದೆಯನ್ನು ಅಂಚಿಗೆ ಒತ್ತಿ, ಒಂದು ಮೊಣಕಾಲನ್ನು ಮೇಲೆತ್ತಿ, ಹೊಟ್ಟೆಯ ಮೇಲೆ ತೆವಳಿಕೊಂಡು ಒಳಗೆ ಸೇರಿದರು. ಊರಿದ ಕೈಯ ಕೆಳಗೆ ಗೋಣಿ ಅರ್ಧ ಅಂಗುಲ ಜಾರಿದ್ದನ್ನು ಕೆಳಗಿನಿಂದ ನಾನು ಕಂಡೆನು. ಅವರ ಗಮನಕ್ಕೆ ಅದು ಬಂದಿತೋ ಇಲ್ಲವೋ ತಿಳಿಯದು. ‘ಅಭ್ಯಾಸ ಆಗೈತೆ ಬುಡಿ ಸ್ವಾಮಿ’ ಎಂದು ಮೇಲಿನಿಂದ ಅವರು ನನ್ನನ್ನೇ ಸಮಾಧಾನಪಡಿಸಿದರು. ಅಭ್ಯಾಸವಿದ್ದುದು ನಿಜ. ಆದರೆ ಬೆಳಗಿನ ನಾಲ್ಕು ಗಂಟೆಗೆ, ಇಬ್ಬನಿಯಿಂದ ಬಿದಿರು ಜಾರುವಾಗ, ನಿದ್ದೆಗಣ್ಣಿನಲ್ಲಿ, ಆನೆ ಹೊಲದೊಳಕ್ಕೆ ನುಗ್ಗಿತೆಂಬ ಗಾಬರಿಯಲ್ಲಿ ಇಳಿಯುವವನ ನೆರವಿಗೆ ಆ ಅಭ್ಯಾಸ ಎಷ್ಟರ ಮಟ್ಟಿಗೆ ಬಂದೀತು?

ಇದಕ್ಕೆ ಪರಿಹಾರ ಅತಿ ಸರಳವಾದುದು. ಏಣಿಯ ತುದಿ ಅಟ್ಟಣೆಯ ನೆಲಕ್ಕಿಂತ ಮೂರು ಅಡಿ ಮೇಲಕ್ಕೆ ಚಾಚಿರಬೇಕು. ಹಾಗಿದ್ದರೆ ಕಾಲು ಅಂಚನ್ನು ದಾಟುವಾಗಲೂ ಕೈಗೆ ಹಿಡಿತವಿರುತ್ತದೆ. ಮನುಷ್ಯನು ಅಟ್ಟಣೆಯೊಳಕ್ಕೆ ತೆವಳುವ ಬದಲು ಅದಕ್ಕಿಂತ ಸ್ವಲ್ಪ ಮೇಲೆ ಏರಿ, ಅಲ್ಲಿಂದ ಕೆಳಕ್ಕೆ ಹೆಜ್ಜೆಯಿಟ್ಟು ಒಳಗೆ ಇಳಿಯುತ್ತಾನೆ. ಎರಡು ಕಾಲು ಎರಡು ಕೈಗಳಲ್ಲಿ ಯಾವ ಕ್ಷಣಕ್ಕೂ ಮೂರು ಭದ್ರವಾಗಿ ಊರಿರಬೇಕೆಂಬ ನಿಯಮವನ್ನು ಅಮೆರಿಕದ ಬೇಟೆಗಾರನಿಗೆ ಮೊದಲ ಪಾಠದಲ್ಲಿಯೇ ಕಲಿಸುತ್ತಾರೆ. ಆ ನಿಯಮವನ್ನು ಪಾಲಿಸಬೇಕಾದರೆ ಎರಡು ಕೈಗಳೂ ಖಾಲಿಯಾಗಿರಬೇಕು. ಕೈ ಖಾಲಿಯಾಗಿರಬೇಕಾದರೆ ಕಂಬಳಿ, ಡಬ್ಬ, ನೀರಿನ ಬಾಟಲಿಗಳನ್ನು ಕೆಳಗೆ ಒಂದು ಚೀಲದಲ್ಲಿ ಕಟ್ಟಿಟ್ಟು, ಮೇಲೆ ಹೋದ ಬಳಿಕ ಹಗ್ಗದಿಂದ ಎಳೆದುಕೊಳ್ಳಬೇಕು. ಅಲ್ಲಿಯವರು ಗುಂಡು ತೆಗೆದ ಕೋವಿಯನ್ನು ಹಾಗೆಯೇ ಎಳೆದುಕೊಳ್ಳುತ್ತಾರೆ. ನಮ್ಮವರಿಗೆ ಇದು ಬಾವಿಯಿಂದ ಕೊಡ ಸೇದಿದಷ್ಟೇ ಪರಿಚಿತವಾದ ಕೆಲಸ.

ಎತ್ತರದ ಪ್ರಶ್ನೆಯಲ್ಲಿ ಮಾತ್ರ ನಮ್ಮ ಕಷ್ಟ ಅವರ ಕಷ್ಟಕ್ಕಿಂತ ಗಹನವಾದದ್ದು. ಜಿಂಕೆಯನ್ನು ಕಾಯುವವನು ಬೇಕೆಂದರೆ 12 ಅಡಿಯಲ್ಲಿ ಕುಳಿತಾನು. ಆನೆಯನ್ನು ಕಾಯುವವನಿಗೆ ಆ ಸ್ವಾತಂತ್ರ್ಯವಿಲ್ಲ. ಬೆಳೆದ ಗಂಡಾನೆ ಸೊಂಡಿಲೆತ್ತಿದರೆ 15 ಅಡಿಯವರೆಗೂ ಎಟುಕಬಲ್ಲದು, ಕಾಂಡ ಸಣ್ಣದಾದರೆ ಮರವನ್ನೇ ಹಣೆಯಿಂದ ಒತ್ತಿ ಕೆಡವಬಲ್ಲದು. ಆದ್ದರಿಂದ ಅವನು 20 ಅಡಿಗಿಂತ ಮೇಲೆ ಹೋಗಲೇಬೇಕು. ಮೇಲೆ ಹೋದಷ್ಟೂ ಆನೆಯ ಭಯ ಕಡಮೆಯಾಗಿ ನೆಲದ ಭಯ ಹೆಚ್ಚುತ್ತದೆ. 18 ಅಡಿಯಿಂದ ಕಳಚಿ ಬಿದ್ದವನು ನೆಲ ಮುಟ್ಟಲು ತೆಗೆದುಕೊಳ್ಳುವ ಕಾಲ ಒಂದು ಸೆಕೆಂಡಿಗಿಂತ ತುಸುವೇ ಹೆಚ್ಚು, ಆಗ ಅವನ ವೇಗ ಗಂಟೆಗೆ ಸುಮಾರು 37 ಕಿಲೋಮೀಟರು. 24 ಅಡಿಯಿಂದಾದರೆ ಅದು 43ರ ಹತ್ತಿರ ಹೋಗುತ್ತದೆ. ಆ ಒಂದು ಸೆಕೆಂಡಿನೊಳಗೆ ಕೈಚಾಚಿ ಕೊಂಬೆ ಹಿಡಿದುಕೊಂಡೇನೆಂಬ ಧೈರ್ಯ ಎಷ್ಟು ಪೊಳ್ಳೆಂಬುದನ್ನು ಈ ಲೆಕ್ಕವೇ ಹೇಳುತ್ತದೆ. ಬೆನ್ನುಮೂಳೆ ಮುರಿದು, ಸೊಂಟದ ಕೆಳಗೆ ಸ್ವಾಧೀನ ತಪ್ಪಿ ಹಾಸಿಗೆ ಹಿಡಿದ ರೈತನ ಮನೆಯಲ್ಲಿ ಮುಂದಿನ ಸುಗ್ಗಿಯನ್ನು ಕಾಯುವವರು ಯಾರು?

ಮರದ ಆಯ್ಕೆಯಲ್ಲಿಯೂ ಹಗ್ಗದ ಆಯ್ಕೆಯಲ್ಲಿಯೂ ನಮ್ಮ ಹಿರಿಯರಿಗಿದ್ದ ವಿವೇಕ ಅಲ್ಪವಾದುದಲ್ಲ. ನುಗ್ಗೆ, ಬೂರುಗಗಳ ಕೊಂಬೆಯನ್ನು ನಂಬಬಾರದು. ಒಣಗಿದ ರೆಂಬೆ ಎಷ್ಟು ದಪ್ಪವಿದ್ದರೂ ಅದರ ಮೇಲೆ ಭಾರ ಹಾಕಬಾರದು. ಹೆಜ್ಜೇನಿನ ಹುಟ್ಟಿರುವ ಮರವನ್ನು ಬಿಡಬೇಕು. ಚಿಗಳಿ ಇರುವೆಯ ಗೂಡಿದ್ದರೆ ಅದನ್ನೂ ನೋಡಿಕೊಳ್ಳಬೇಕು. ಈ ತಿಳಿವಳಿಕೆಯೆಲ್ಲ ಹಳ್ಳಿಯಲ್ಲಿ ಇಂದಿಗೂ ಇದೆ. ಕೈಬಿಟ್ಟುಹೋಗಿರುವುದು ವರ್ಷ ವರ್ಷವೂ ಕಟ್ಟನ್ನು ಹೊಸದು ಮಾಡುವ ಶ್ರದ್ಧೆ. ಹಿಂದೆ ಬಳ್ಳಿಯಿಂದಲೋ ತೆಂಗಿನ ನಾರಿನ ಹಗ್ಗದಿಂದಲೋ ಕಟ್ಟುತ್ತಿದ್ದಾಗ ಅದು ಮಳೆಗಾಲದಲ್ಲಿ ಕೊಳೆಯುವುದು ಎಲ್ಲರ ಕಣ್ಣಿಗೂ ಬೀಳುತ್ತಿದ್ದುದರಿಂದ ಮರುವರ್ಷ ಬಿಚ್ಚಿ ಕಟ್ಟುವುದು ಅನಿವಾರ್ಯವಾಗಿತ್ತು. ಈಗ ಬಂದಿರುವ ನೈಲಾನ್ ಹಗ್ಗ ಕೊಳೆಯುವುದಿಲ್ಲ. ಬಿಸಿಲಿಗೆ ಒಳಗೊಳಗೇ ಸತ್ವ ಕಳೆದುಕೊಂಡು, ಮೇಲೆ ಬಣ್ಣ ಮಾಸಿದಂತೆ ಮಾತ್ರ ಕಾಣುತ್ತದೆ. ಹಸಿ ಬಿದಿರಿಗೆ ಕುಟ್ಟೆ ಹಿಡಿದರೂ ಹೀಗೆಯೇ, ಹೊರಗಿನ ತೊಗಟೆ ಹೊಳೆಯುತ್ತಿರುವಾಗ ಒಳಗೆಲ್ಲ ಹಿಟ್ಟಾಗಿರುತ್ತದೆ. ಮರವೂ ಸುಮ್ಮನಿರುವುದಿಲ್ಲ: ಅದು ಬೆಳೆದು ದಪ್ಪವಾಗುತ್ತ ಬಿಗಿದ ತಂತಿಯನ್ನು ತನ್ನೊಳಕ್ಕೆ ನುಂಗಿ ಕತ್ತರಿಸುತ್ತದೆ, ಹೊಡೆದ ಮೊಳೆಯನ್ನು ಸಡಿಲಿಸುತ್ತದೆ, ಗಾಳಿಗೆ ತೂಗಿ ಗಂಟನ್ನು ಉಜ್ಜುತ್ತದೆ. ಆದಕಾರಣ ಸುಗ್ಗಿಗೆ ಮೊದಲು ಅಟ್ಟಣೆಯನ್ನು ಪೂರ್ತಿಯಾಗಿ ಬಿಚ್ಚಿ ಮತ್ತೆ ಕಟ್ಟತಕ್ಕದ್ದು. ಬೇಕಾದ ಗಳು ಹಲಗೆಗಳನ್ನು ಮರಕ್ಕೇರಿಸುವ ಮುನ್ನ ಮೊಣಕಾಲೆತ್ತರದಲ್ಲಿ ಎರಡು ಕಲ್ಲುಗಳ ನಡುವೆ ಇಟ್ಟು, ಕೂರುವವರ ತೂಕದ ಎರಡರಷ್ಟು ಮೂಟೆಗಳನ್ನು ಹೇರಿ ಒಂದು ರಾತ್ರಿ ಬಿಟ್ಟು ನೋಡತಕ್ಕದ್ದು. ಮುರಿಯುವುದಿದ್ದರೆ ಅಲ್ಲಿಯೇ ಮುರಿಯಲಿ.

ಇನ್ನು ರಕ್ಷಾಪಟ್ಟಿಯ ಮಾತು. ಪೂರ್ಣ ದೇಹದ ಪಟ್ಟಿ ನಮ್ಮಲ್ಲಿ ದುರ್ಲಭವಾದ ವಸ್ತುವಲ್ಲ. ಕಟ್ಟಡ ಕಟ್ಟುವವರಿಗೆಂದು ಐಎಸ್ 3521 ಎಂಬ ಭಾರತೀಯ ಮಾನಕದ ಗುರುತುಳ್ಳ ಪಟ್ಟಿಗಳು ನಗರದ ಅಂಗಡಿಗಳಲ್ಲಿ ದೊರೆಯುತ್ತವೆ. ಅದನ್ನು ತೊಟ್ಟವನ ಹಗ್ಗ ತಲೆಗಿಂತ ಮೇಲೆ ಕಾಂಡಕ್ಕೆ ಬಿಗಿದಿರಬೇಕು, ಕುಳಿತಾಗ ಅದರಲ್ಲಿ ಸಡಿಲವಿರಬಾರದು. ಸಡಿಲವಿದ್ದಷ್ಟೂ ಬೀಳುವ ದೂರ ಹೆಚ್ಚಿ ಹೊಡೆತವೂ ಹೆಚ್ಚುತ್ತದೆ. ಹತ್ತುವಾಗಲೂ ಇಳಿಯುವಾಗಲೂ ರಕ್ಷಣೆ ಬೇಕಷ್ಟೆ. ಅದಕ್ಕೆ ನೆಲದಿಂದ ಅಟ್ಟಣೆಯ ಮೇಲಿನವರೆಗೆ ಒಂದು ಜೀವದ ಹಗ್ಗವನ್ನು ಇಳಿಬಿಟ್ಟು, ಆಸ್ಟ್ರಿಯದ ಪರ್ವತಾರೋಹಿ ಕಾರ್ಲ್ ಪ್ರೂಸಿಕ್ 1931 ರಲ್ಲಿ ಪ್ರಚಾರಕ್ಕೆ ತಂದ ಒಂದು ಗಂಟಿನಿಂದ ಪಟ್ಟಿಯನ್ನು ಅದಕ್ಕೆ ಸೇರಿಸುತ್ತಾರೆ. ಕೈಯಿಂದ ಸರಿಸಿದರೆ ಆ ಗಂಟು ಮೇಲಕ್ಕೂ ಕೆಳಕ್ಕೂ ಸರಾಗವಾಗಿ ಜರುಗುತ್ತದೆ, ಭಾರ ಬಿದ್ದೊಡನೆ ಹಗ್ಗವನ್ನು ಕಚ್ಚಿ ಹಿಡಿಯುತ್ತದೆ. ಬಿದ್ದು ಪಟ್ಟಿಯಲ್ಲಿ ನೇತಾಡುವವನು ಪಾರಾದನೆಂದು ತಿಳಿಯಬಾರದು. ಕಾಲು ಅಲುಗದೆ ಬಹಳ ಹೊತ್ತು ನೇತಾಡಿದರೆ ರಕ್ತವೆಲ್ಲ ಕಾಲುಗಳಲ್ಲಿ ತಂಗಿ ಪ್ರಜ್ಞೆ ತಪ್ಪಬಹುದು, ಪ್ರಾಣಾಪಾಯವೂ ಆಗಬಹುದು. ಆಗ ಪಾದವಿಟ್ಟು ನಿಲ್ಲಲು ಒಂದು ಕುಣಿಕೆಯೂ, ಕೂಗಿದರೆ ಓಗೊಡುವ ಒಬ್ಬ ಸಂಗಾತಿಯೂ ಇರಬೇಕು. ಒಬ್ಬನೇ ಕಾವಲಿಗೆ ಹೋಗುವುದನ್ನು ಈ ಒಂದು ಕಾರಣಕ್ಕಾದರೂ ನಿಲ್ಲಿಸಬೇಕು.

ಇಷ್ಟೆಲ್ಲ ಕೊಟ್ಟರೂ ರೈತನು ಅದನ್ನು ತೊಡುವನೇ ಎಂದು ಕೇಳುವವರಿದ್ದಾರೆ. ಈ ಸಂದೇಹ ನ್ಯಾಯವಾದದ್ದು, ಮತ್ತು ಇಲ್ಲಿಯೇ ಸುರಕ್ಷತೆಯ ವಿಚಾರವೂ ಉಪಯುಕ್ತತೆಯ ವಿಚಾರವೂ ಒಂದಾಗಿ ಬೆರೆಯುತ್ತವೆ. ತೊಡಲು ಕಾಲು ಗಂಟೆ ಬೇಕಾದ, ಕತ್ತಲಲ್ಲಿ ಯಾವ ಪಟ್ಟಿ ಯಾವ ತೊಡೆಗೆಂದು ತಿಳಿಯದ, ಕಂಬಳಿಯ ಮೇಲೆ ಹಾಕಿಕೊಂಡರೆ ಉಸಿರು ಕಟ್ಟುವ ಸಾಧನವನ್ನು ಮೂರನೆಯ ದಿನ ಯಾರಾದರೂ ಗೂಟಕ್ಕೆ ತಗುಲಿಹಾಕುತ್ತಾರೆ. ಅವರನ್ನು ಅಜಾಗರೂಕರೆಂದು ಬಯ್ಯುವುದು ಅನ್ಯಾಯ. ಅಟ್ಟಣೆಯ ವಿಚಾರದಲ್ಲಿಯೂ ಹಾಗೆಯೇ. ಕೂರುವ ಹಲಗೆಯ ಅಂಚು ತೊಡೆಯ ಹಿಂಭಾಗವನ್ನು ಒತ್ತುತ್ತಿದ್ದರೆ ಗಂಟೆ ಕಳೆಯುವುದರೊಳಗೆ ಕಾಲು ಜೋಮು ಹಿಡಿಯುತ್ತದೆ, ಜೋಮು ಹಿಡಿದ ಕಾಲಿನಿಂದ ಏಣಿಗೆ ಇಳಿದವನು ಬೀಳುತ್ತಾನೆ. ಬೆನ್ನಿಗೆ ಒರಗಿಲ್ಲದಿದ್ದರೆ ತೂಕಡಿಕೆ ಮುಂದಕ್ಕೆ ಬಾಗಿಸುತ್ತದೆ. ಹಲಗೆ ಕಾಂಡದ ಕಡೆಗೆ ತುಸು ಇಳಿಜಾರಾಗಿದ್ದರೆ, ಸುತ್ತಲೂ ಸೊಂಟದೆತ್ತರದ ಅಡ್ಡಗಳುವಿದ್ದರೆ, ಒಬ್ಬನು ಎಚ್ಚರವಿರುವಾಗ ಇನ್ನೊಬ್ಬನು ಕಾಲು ಚಾಚಿ ಮಲಗುವಷ್ಟು ಉದ್ದವಿದ್ದರೆ, ನಿದ್ರೆಯನ್ನು ನಿಷೇಧಿಸುವ ವ್ಯರ್ಥ ಪ್ರಯತ್ನವನ್ನು ಬಿಟ್ಟು ಅದಕ್ಕೆ ಒಂದು ಭದ್ರವಾದ ಸ್ಥಾನವನ್ನು ಕೊಟ್ಟಂತಾಗುತ್ತದೆ. ಹಗಲೆಲ್ಲ ದುಡಿದ ಶರೀರ ರಾತ್ರಿ ನಿದ್ರಿಸಿಯೇ ತೀರುವುದು. ಅಟ್ಟಣೆಯನ್ನು ಕಟ್ಟುವವನು ನಿದ್ರಿಸುವ ಮನುಷ್ಯನಿಗಾಗಿ ಕಟ್ಟಬೇಕು.

ಗುಡುಗಿನ ಮಾತನ್ನೂ ಇಲ್ಲಿ ಹೇಳಬೇಕು. ಹಿಂಗಾರಿನ ಗುಡುಗು ಮಿಂಚು ಬರುವ ಅಕ್ಟೋಬರ್ ನವೆಂಬರ್ ತಿಂಗಳುಗಳೂ ಬೆಳೆ ಮಾಗುವ ತಿಂಗಳುಗಳೂ ಒಂದೇ ಆಗಿವೆ. ಬಯಲಿನ ನಡುವಿನ ಒಂಟಿ ಮರವೇ ಸಿಡಿಲಿಗೆ ಮೊದಲ ಗುರಿ. ಗುಡುಗು ಕೇಳಿದೊಡನೆ ಇಳಿದು ಹತ್ತಿರದ ಮನೆ ಸೇರಬೇಕೆಂಬುದು ಕಾವಲಿನ ಮೊದಲನೆಯ ನಿಯಮವಾಗಿರಬೇಕು, ಆ ರಾತ್ರಿಯ ಬೆಳೆ ಹೋದರೂ ಸರಿಯೆ.

ಬೇಲಿ ಹಾಕಿದರೆ ಅಟ್ಟಣೆಯೇ ಬೇಡವಲ್ಲವೇ ಎನ್ನುವವರ ಮಾತಿನಲ್ಲಿ ಹುರುಳಿದೆ. ಆನೆಕಂದಕ, ಸೌರಬೇಲಿ, ಹಳೆಯ ರೈಲುಹಳಿಗಳ ತಡೆ, ಇವೆಲ್ಲವೂ ಆಗಲಿ, ಬೇಗನೆ ಆಗಲಿ. ಆದರೆ ಮಳೆಗೆ ಕಂದಕದ ಗೋಡೆ ಕುಸಿಯುವುದನ್ನೂ, ಆನೆ ಮರವುರುಳಿಸಿ ಸೌರಬೇಲಿಯ ತಂತಿ ಕೆಡಹುವುದನ್ನೂ, ಹಳಿಯ ತಡೆ ನದಿಯ ಬಳಿಗೆ ಬಂದು ನಿಂತುಹೋಗುವುದನ್ನೂ ಕಂಡವರು ಈ ವರ್ಷದ ಸುಗ್ಗಿಗೆ ಅಟ್ಟಣೆಯಿಲ್ಲದೆ ನಡೆಯುವುದೆಂದು ಹೇಳಲಾರರು. ವನ್ಯಮೃಗದ ದಾಳಿಗೆ ಸಿಕ್ಕವನಿಗೆ ಸರ್ಕಾರ ಪರಿಹಾರಧನ ಕೊಡುತ್ತದೆ. ಅದೇ ಮೃಗವನ್ನು ಕಾಯುತ್ತ ಕುಳಿತು ಮರದಿಂದ ಬಿದ್ದವನು ಆ ಲೆಕ್ಕದೊಳಗೆ ಸುಲಭವಾಗಿ ಸೇರುವುದಿಲ್ಲ. ಇಬ್ಬರೂ ಕಾಡಿನ ಅಂಚಿನಲ್ಲಿ ಬದುಕಿದ್ದಕ್ಕಾಗಿಯೇ ಗಾಯಗೊಂಡವರು.

ಇದಕ್ಕೆ ಮಾದರಿಯನ್ನು ದೂರದಲ್ಲಿ ಅರಸಬೇಕಾಗಿಲ್ಲ. ತೆಂಗಿನ ಮರ ಹತ್ತುವವರಿಗೆ ಯಂತ್ರದಿಂದ ಏರುವ ತರಬೇತಿಯನ್ನೂ ಅಪಘಾತ ವಿಮೆಯನ್ನೂ ತೆಂಗು ಅಭಿವೃದ್ಧಿ ಮಂಡಳಿ ಈಗಾಗಲೇ ಏರ್ಪಡಿಸಿದೆ. ತೆಂಗಿನ ಕಾಯಿಗಾಗಿ ಮರವೇರುವವನಿಗೆ ದೊರೆತ ಈ ಗೌರವ ರಾಗಿ ಭತ್ತಗಳಿಗಾಗಿ ಮರವೇರುವವನಿಗೂ ಸಲ್ಲಬೇಕು. ಕಾಡಂಚಿನ ಪ್ರತಿಯೊಂದು ಗ್ರಾಮ ಪಂಚಾಯಿತಿಯೂ ತನ್ನ ಎಲ್ಲೆಯೊಳಗಿನ ಅಟ್ಟಣೆಗಳ ಪಟ್ಟಿಯೊಂದನ್ನು ಇಟ್ಟು, ಸುಗ್ಗಿಗೆ ತಿಂಗಳು ಮುಂಚೆ ಅವನ್ನು ಬಿಚ್ಚಿ ಕಟ್ಟಿಸಲಿ. ಊರಿನ ಬಡಗಿಯೂ ಬಿದಿರಿನ ಕೆಲಸ ಬಲ್ಲ ಮೇದರೂ ಮರ ಹತ್ತಿ ಅನುಭವವಿದ್ದ ಹಿರಿಯರೂ ಸೇರಿ ಅವನ್ನು ನೋಡಲಿ. ಅರಣ್ಯ ಇಲಾಖೆ ತನ್ನ ಕಾವಲುಗಾರರಿಗೂ ರೈತರಿಗೂ ಒಟ್ಟಿಗೆ ಒಂದು ದಿನ ಪಟ್ಟಿ ತೊಡುವುದನ್ನೂ ಗಂಟು ಹಾಕುವುದನ್ನೂ ನೇತಾಡುವವನನ್ನು ಇಳಿಸುವುದನ್ನೂ ಹಗಲಿನಲ್ಲಿ ಕಲಿಸಿ, ಅನಂತರ ಕತ್ತಲಾದ ಮೇಲೆ ಇನ್ನೊಮ್ಮೆ ಮಾಡಿಸಲಿ. ಪಟ್ಟಿಯ ಬೆಲೆಯನ್ನು ಬೆಳೆರಕ್ಷಣೆಯ ವೆಚ್ಚದಲ್ಲಿ ಸೇರಿಸಲಿ. ಪರಿಹಾರದ ನಿಯಮಕ್ಕೆ ಒಂದು ವಾಕ್ಯವನ್ನು ಸೇರಿಸಿ, ಬೆಳೆ ಕಾಯುವ ಹೊತ್ತಿನಲ್ಲಿ ಅಟ್ಟಣೆಯಿಂದ ಬಿದ್ದವನನ್ನೂ ಅದರೊಳಗೆ ತರಲಿ. ಮುಂದಿನ ರಾಗಿ ತೆನೆಯೊಡೆಯುವುದಕ್ಕೆ ಮೊದಲು ಇಷ್ಟನ್ನು ಮಾಡುವುದಕ್ಕೆ ಬೇಕಾದ ಹಗ್ಗವೂ ಬಿದಿರೂ ಬಲ್ಲವರೂ ನಮ್ಮಲ್ಲಿ ಇದ್ದಾರೆ.